ನಿದ್ದೆಗೋಸ್ಕರ ಶುರುವಾದ ಕುಡಿತ, ನಾಳೆಯಿಂದಲೇ ಬಿಡಬಹುದಾ?

ಪ್ರಶ್ನೆ (ಹೆಸರು ಬೇಡ): ಮೇಡಂ, ನನಗೆ 26. ಬೆಂಗಳೂರಲ್ಲಿ ಪಿಜಿಯಲ್ಲಿದ್ದೇನೆ. ಕಳೆದ ವರ್ಷ ಪರಿಚಯದವನೇ ಒಬ್ಬ ನನ್ನ ಮೇಲೆ ಅತ್ಯಾಚಾರ ಮಾಡಿದ. ಅಕ್ಕನಿಗೆ ಬಿಟ್ಟು ಯಾರಿಗೂ ಗೊತ್ತಿಲ್ಲ. ಕಣ್ಣು ಮುಚ್ಚಿದರೆ ಅದೇ ಬರುತ್ತಿತ್ತು, ನಿದ್ದೆ ಬರಲಿ ಅಂತ ಒಂದು ನೈಂಟಿ ವೋಡ್ಕಾ ಶುರು ಮಾಡಿದೆ. ಈಗ ಕ್ವಾರ್ಟರ್ ಕೂಡ ಸಾಲಲ್ಲ. ರೂಮ್‌ಮೇಟ್‌ಗೆ ಗೊತ್ತಾಗದಿರಲಿ ಅಂತ ಸ್ಟೀಲ್ ಬಾಟಲಿಗೆ ಹಾಕಿಟ್ಟುಕೊಳ್ಳುತ್ತೇನೆ. ಬೆಳಿಗ್ಗೆ ಕಾಫಿ ಲೋಟ ಹಿಡಿದರೆ ಕೈ ನಡುಗುತ್ತೆ. ಅಕ್ಕ ‘ನಾಳೆಯಿಂದಲೇ ಬಿಡು’ ಅಂತಾಳೆ. ಬಿಡ್ಲಾ?

ಉತ್ತರ (ಮನೋವೈದ್ಯೆ): ಬಿಡೋಣ, ಆದರೆ ನಾಳೆಯಿಂದಲೇ, ಒಬ್ಬರೇ ಬೇಡ. ಬೆಳಿಗ್ಗೆ ಕೈ ನಡುಗುತ್ತಿದೆ ಅಂದರೆ ಮೈಗೆ ಅದು ಅಭ್ಯಾಸ ಆಗಿಬಿಟ್ಟಿದೆ. ಒಮ್ಮೆಲೇ ನಿಲ್ಲಿಸಿದರೆ ಮೊದಲ ಎರಡು ದಿನದೊಳಗೆ ಫಿಟ್ಸ್ ಬರಬಹುದು. ಎರಡು ಮೂರು ದಿನ ಆದಮೇಲೆ ಕೆಲವರಿಗೆ ಇಲ್ಲದ್ದು ಕಾಣುತ್ತೆ, ಎಲ್ಲಿದ್ದೇನೆ ಅನ್ನೋದೇ ಮರೆತುಹೋಗುತ್ತೆ. ಅದು ಪ್ರಾಣಕ್ಕೇ ಅಪಾಯ. ಡಾಕ್ಟರ್ ಹತ್ತಿರ ಹೋದರೆ ಕೆಲವು ದಿನಕ್ಕೆ ಮಾತ್ರೆ ಕೊಟ್ಟು, ಅದರ ಡೋಸ್ ದಿನದಿನಕ್ಕೆ ಇಳಿಸುತ್ತಾರೆ, ಜೊತೆಗೆ ಬಿ1 ವಿಟಮಿನ್ ಕೊಡುತ್ತಾರೆ. ಮೆಡಿಕಲ್ ಶಾಪಲ್ಲಿ ನೀವೇ ನಿದ್ದೆ ಮಾತ್ರೆ ತಗೊಂಡು ಎಣ್ಣೆ ಜೊತೆ ಮಾತ್ರ ನುಂಗಬೇಡಿ, ಉಸಿರೇ ನಿಧಾನವಾಗಿಬಿಡುತ್ತೆ.

ನಿದ್ದೆ ವಿಷಯ. ಎಣ್ಣೆ ಬೇಗ ಮಲಗಿಸುತ್ತೆ, ನಿಜ. ಕನಸು ಬೀಳುವ ನಿದ್ದೆಯನ್ನ ಮೊದಲ ಹೊತ್ತು ಅದುಮಿಡುತ್ತೆ, ಅದಕ್ಕೇ ಹಾಯಾಗಿತ್ತು ಅನಿಸೋದು. ಮಧ್ಯರಾತ್ರಿ ಇಳಿಯುವ ಹೊತ್ತಿಗೆ ಎಚ್ಚರ, ಬೆವರು, ಎದೆ ಡವಡವ, ಕೆಟ್ಟ ಕನಸು. ಅದನ್ನ ತಡೆಯೋಕೆ ಇನ್ನೊಂದು ಪೆಗ್. ಹೀಗೇ ಏರಿದ್ದು, ಅಲ್ವಾ? ಇದು ಚಟದ ಹುಡುಗಿ ಅನ್ನೋ ಮಾತಲ್ಲ, ನೋವಿಗೆ ಕೈಗೆ ಸಿಕ್ಕಿದ ಔಷಧಿ.

ಪ್ರಶ್ನೆ (ಅದೇ ಹುಡುಗಿ): ಒಬ್ಬರ ಹತ್ರ ಹೋಗಿದ್ದೆ, ‘ಮೊದಲು ಕುಡಿಯೋದು ಬಿಟ್ಟು ಬಾ, ಆಮೇಲೆ ಉಳಿದಿದ್ದು ನೋಡೋಣ’ ಅಂದ್ರು. ಹೇಳಿದರೆ ಪೊಲೀಸ್ ಕೇಸ್ ಆಗುತ್ತೇನೋ ಅಂತಾನೂ ಭಯ.

ಉತ್ತರ: ಆ ಮಾತು ನನಗೆ ಒಪ್ಪಿಗೆಯಿಲ್ಲ. ಎಣ್ಣೆ ಹೋದ ಮೇಲೆ ಅದು ಮುಚ್ಚಿಟ್ಟಿದ್ದೆಲ್ಲ ಒಟ್ಟಿಗೆ ಮೇಲೆ ಬರುತ್ತೆ, ಆಗ ಕೈ ಹಿಡಿಯೋರು ಇಲ್ಲದಿದ್ದರೆ ಮತ್ತೆ ಬಾಟಲಿಗೇ ಹೋಗೋದು. ಎರಡಕ್ಕೂ ಒಟ್ಟಿಗೇ ಚಿಕಿತ್ಸೆ ಮಾಡಬಹುದು, ಮಾಡಬೇಕು. ನಡೆದದ್ದನ್ನೆಲ್ಲ ಮೊದಲ ದಿನವೇ ಹೇಳಬೇಕಿಲ್ಲ. ‘ನನ್ನ ಮೇಲೆ ದೌರ್ಜನ್ಯ ಆಗಿದೆ, ನಿದ್ದೆಗೆ ಕುಡೀತೀನಿ’ ಅಷ್ಟು ಸಾಕು. ಎಷ್ಟು ಕುಡೀತೀರಿ ಅನ್ನೋದನ್ನ ಮಾತ್ರ ಕಡಿಮೆ ಮಾಡಿ ಹೇಳಬೇಡಿ, ಮಾತ್ರೆಯ ಲೆಕ್ಕ ಅದರ ಮೇಲೇ ಇರುತ್ತೆ.

ಚಿಕಿತ್ಸೆ ಸಿಗಬೇಕಾದರೆ ದೂರು ಕೊಡಲೇಬೇಕು ಅಂತ ಇಲ್ಲ. 2017ರ ಮಾನಸಿಕ ಆರೋಗ್ಯ ಕಾಯ್ದೆ ಪ್ರಕಾರ ಕೆಲವು ವಿನಾಯಿತಿ ಬಿಟ್ಟರೆ ನಿಮ್ಮ ವಿವರ ಗುಟ್ಟಾಗಿರಬೇಕು. (18ಕ್ಕಿಂತ ಚಿಕ್ಕವರಾದರೆ ಬೇರೆ, ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ತಡೆಯುವ ಪೋಕ್ಸೊ ಕಾಯ್ದೆ ಪ್ರಕಾರ ಪೊಲೀಸರಿಗೆ ತಿಳಿಸಲೇಬೇಕು.) ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸಾ ವಿಭಾಗ ಇದೆ. ರಾತ್ರಿ ಹೊತ್ತು ತಡೆಯೋಕಾಗದಿದ್ದರೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡಬಹುದು.

ಕಾಮೆಂಟ್ (ಅಕ್ಕ): ನಾನೇ ಆ ಅಕ್ಕ. ನಾನೇನು ಮಾಡ್ಲಿ ಮೇಡಂ?

ಉತ್ತರ: ಆಣೆ ಹಾಕಿಸಬೇಡಿ, ಬ್ಯಾಗ್ ತಡಕಾಡಬೇಡಿ. ಆಸ್ಪತ್ರೆಗೆ ಜೊತೆಗೆ ಹೋಗಿ, ಒಳಗೆ ಅವಳೊಬ್ಬಳೇ ಮಾತಾಡಲಿ. ನಿಲ್ಲಿಸುವ ಮೊದಲ ವಾರ ಅವಳು ಪಿಜಿಯಲ್ಲಿ ಇರೋದು ಬೇಡ, ನಿಮ್ಮ ಮನೆಯಲ್ಲೇ ಇಟ್ಟುಕೊಳ್ಳಿ. ಫಿಟ್ಸ್ ಬಂದರೆ, ಇಲ್ಲಾ ಗೊಂದಲದಲ್ಲಿ ಏನೇನೋ ಮಾತಾಡತೊಡಗಿದರೆ, ಬೆಳಗಾಗಲಿ ಅಂತ ಕಾಯದೆ 108ಕ್ಕೆ ಫೋನ್ ಮಾಡಿ.