ಬಿತ್ತಿದ್ದು ಬಿಳಿ ಕ್ಲೋವರ್, ಹುಟ್ಟಿದ್ದು ಯಾವುದು?

ಕಂಗಿನತೋಟ (ಬದಿಯಡ್ಕ): ಕಂಗಿನ (ಅಡಿಕೆ ಮರದ) ಬುಡಕ್ಕೆ ಹಸಿರು ಹೊದಿಕೆ ಆಗಲಿ, ಮಣ್ಣಿಗೆ ಸಾರಜನಕವೂ ಸಿಗಲಿ ಅಂತ ಬಿಳಿ ಕ್ಲೋವರ್ (ನೆಲಕ್ಕೆ ಹಬ್ಬುವ ದ್ವಿದಳ ಗಿಡ) ಬೀಜ ತರಿಸಿ ಜೂನ್ ಮೊದಲಲ್ಲಿ ಎರಚಿದ್ದೆ. ಈಗ ತೋಟದಲ್ಲೂ ಅಂಗಳದ ಬದಿಯಲ್ಲೂ ಮೂರೆಲೆಯ ಗಿಡ ಹಬ್ಬಿದೆ. ಅಂಗಳದ್ದರಲ್ಲಿ ಹಳದಿ ಹೂ! ಬೀಜ ಮಾರಿದವರು "ಅದೇ ಸರ್, ಆಮೇಲೆ ಬಿಳಿ ಆಗ್ತದೆ" ಅನ್ನುತ್ತಾರೆ. ಹೌದಾ?

ಬೆಟ್ಟದಹುಲ್ಲು (ಊಟಿ): ಆಗುವುದಿಲ್ಲ ಸರ್. ಎಲೆ ಹೃದಯದ ಆಕಾರದಲ್ಲಿ, ತುದಿ ಆಳವಾಗಿ ಸೀಳಿದ್ದರೆ ಅದು ಪುಲ್ಲಂಪುರಚಿ. ಅಗಿದರೆ ಹುಳಿ. ಬೋರ್ಡೋ (ಮೈಲುತುತ್ತು-ಸುಣ್ಣದ ಔಷಧಿ) ಸಿಂಪಡಿಸಿದ ಜಾಗದ್ದಾದರೆ ಮಾತ್ರ ಬಾಯಿಗೆ ಹಾಕಬೇಡಿ.

ಬಿಳಿ ಕ್ಲೋವರ್‌ನ ಎಲೆ ಮೊಟ್ಟೆಯಾಕಾರ, ತುದಿ ದುಂಡಗೆ, ಹೆಚ್ಚೆಂದರೆ ಸಣ್ಣ ಕಚ್ಚು. ಅಂಚಿನಲ್ಲಿ ನವಿರು ಹಲ್ಲು. ನಡುವೆ ಮಸುಕು ಬಿಳಿ ಪಟ್ಟೆ ಸಾಮಾನ್ಯ, ಆದರೆ ಕೆಲವು ಗಿಡದಲ್ಲಿ ಇರುವುದೇ ಇಲ್ಲ. ಅದೊಂದನ್ನೇ ನಂಬಬೇಡಿ. ಗಿಣ್ಣಲ್ಲಿ ಬೇರು ಬಿಡುವುದೂ ಗುರುತಲ್ಲ, ಪುಲ್ಲಂಪುರಚಿಯೂ ಬಿಡುತ್ತದೆ.

ಹೂವೇ ನಿಜವಾದ ಸಾಕ್ಷಿ. ಎಲೆಯಿಲ್ಲದ ಉದ್ದ ತೊಟ್ಟಿನ ತುದಿಯಲ್ಲಿ ಒಂದೂವರೆ ಎರಡು ಸೆಂಟಿಮೀಟರಿನ ಬಿಳಿ ಚೆಂಡು. ಬಿಡಿಸಿದರೆ ಅವರೆ ಹೂವಿನಂಥ ಪುಟ್ಟ ಪುಟ್ಟ ಹೂಗಳು. ಹಳತಾದವು ಕಂದಾಗಿ ಕೆಳಗೆ ಜೋತು ಬೀಳುತ್ತವೆ.

ಕಂಗಿನತೋಟ: ಅಂಗಳದ್ದು ಹುಳಿಯೇ! ಹಾಗಾದರೆ ತೋಟದ್ದು? ಎಲೆ ಭಾರೀ ಸಣ್ಣದು, ಹಲ್ಲಿಲ್ಲ, ಪಟ್ಟೆಯಿಲ್ಲ. ಎಲೆಯ ಬುಡದಲ್ಲಿ ಒಂದೆರಡು ನೇರಳೆ ಹೂ.

ಗುಡ್ಡೆಬದಿ (ಪೆರ್ಲ): ಕಾಯಿ ನೋಡಿದಿರಾ? ಚಪ್ಪಟೆ, ಗಂಟು ಗಂಟು, ಬಟ್ಟೆಗೆ ಅಂಟುತ್ತದಾ?

ಕಂಗಿನತೋಟ: ಹೌದು ಮಾರಾಯ್ರೇ, ಲುಂಗಿ ತುಂಬ ಅದೇ.

ಗುಡ್ಡೆಬದಿ: ಹಾಗಾದರೆ ಡೆಸ್ಮೋಡಿಯಂ. ನಮ್ಮ ಊರಲ್ಲಿ ಬಿತ್ತದೆಯೇ ಬರುವ ಗಿಡ. ಇದೂ ದ್ವಿದಳವೇ, ಬೇರಿನ ಗಂಟಿನಲ್ಲಿ ಸಾರಜನಕ ಹಿಡಿಯುತ್ತದೆ. ನಿಮಗೆ ಬೇಕಾದ್ದೂ ಅದೇ ಅಲ್ವಾ? ಕೀಳಬೇಡಿ, ಸುಮ್ನೆ ಬಿಡಿ.

ಬೆಟ್ಟದಹುಲ್ಲು: ನನಗೂ ಹಾಗೇ ಅನ್ನಿಸುತ್ತದೆ. ಬಿಳಿ ಕ್ಲೋವರ್ ಮೂಲದಲ್ಲಿ ಯುರೋಪಿನ ಕಡೆಯ ತಂಪು ಜಾಗದ್ದು. 2,200 ಮೀಟರ್ ಎತ್ತರದ ನಮ್ಮಲ್ಲಿ ರಸ್ತೆ ಬದಿ, ಹುಲ್ಲುಗಾವಲು ಎಲ್ಲ ಕಡೆ ಇದೆ. ನಿಮ್ಮ ಸೆಕೆಗೆ ಅದು ಬಾಳುವುದು ಕಷ್ಟ.

ಕಂಗಿನತೋಟ: ಅರ್ಧ ಪ್ಯಾಕೆಟ್ ಬೀಜ ಉಳಿದಿದೆ. ನಿಮಗೇ ಕಳಿಸಲಾ?

ಬೆಟ್ಟದಹುಲ್ಲು: ಬೇಡ ಸರ್! ನನ್ನ ಕ್ಯಾರೆಟ್ ಪಾತಿಯಿಂದ ಇದನ್ನು ಕಿತ್ತು ಕಿತ್ತು ಬೆನ್ನು ಹೋಗಿದೆ.