ಖಾಲಿ ಸೈಟಿನ ಹೊಗೆ ಮತ್ತು ಅಸ್ತಮಾ ಇರುವ ಮಕ್ಕಳು: ನಮ್ಮ ಬಡಾವಣೆ ಗುಂಪು, ದಾವಣಗೆರೆ, ನವೆಂಬರ್ 2020

3ನೇ ಕ್ರಾಸ್, ನೀಲಿ ಗೇಟಿನ ಮನೆ: ಎಲ್ಲರಿಗೂ ನಮಸ್ಕಾರ. ಪಾರ್ಕ್ ಪಕ್ಕದ ಖಾಲಿ ಸೈಟಿನಲ್ಲಿ ದಿನಾ ಸಂಜೆ ಕಸಕ್ಕೆ ಬೆಂಕಿ ಹಾಕುತ್ತಿದ್ದಾರೆ. ಎಲೆ ಕಡ್ಡಿ ಜೊತೆ ಪ್ಲಾಸ್ಟಿಕ್ಕೂ ಇರುತ್ತದೆ, ಬಿಸಾಡಿದ ಮಾಸ್ಕೂ ಇರುತ್ತದೆ. ನನ್ನ ಮಗಳಿಗೆ ಏಳು ವರ್ಷ, ಅಸ್ತಮಾ ಇದೆ. ಚಳಿಗೆ ಹೊಗೆ ಮೇಲೆ ಏರುವುದಿಲ್ಲ, ಮನೆಗಳ ಮಧ್ಯೆಯೇ ನಿಂತುಬಿಡುತ್ತದೆ. ಮಾರ್ಚ್‌ನಿಂದ ಶಾಲೆ ಇಲ್ಲ, ಮಕ್ಕಳು ಇಡೀ ದಿನ ಇದೇ ಗಾಳಿಯಲ್ಲಿ. ಕೊರೊನಾ ಇದೆ, ಕಿಟಕಿ ತೆಗೆದಿಡಿ ಅಂತಾರೆ. ತೆಗೆದರೆ ಹೊಗೆ ಒಳಗೆ ಬರುತ್ತದೆ. ಏನು ಮಾಡೋದು ಹೇಳಿ.

ಇನ್ನೊಂದು ಮಾತು. ಅವಳು ಕೆಮ್ಮಿದ ಕೂಡಲೇ ಅಕ್ಕಪಕ್ಕದವರು ತಮ್ಮ ಮಕ್ಕಳನ್ನು ಒಳಗೆ ಕರೆಯುತ್ತಾರೆ. ನಿಮ್ಮ ಭಯ ಅರ್ಥವಾಗುತ್ತದೆ. ಆದರೆ ಅಸ್ತಮಾ ಅಂಟುವ ಕಾಯಿಲೆ ಅಲ್ಲ. ಅವಳಿಗೆ ಜ್ವರ ಬಂದರೆ ನಾವೇ ಮೊದಲು ಟೆಸ್ಟ್ ಮಾಡಿಸಿ ಗುಂಪಿನಲ್ಲಿ ತಿಳಿಸುತ್ತೇವೆ.

ಮೂಲೆ ಮನೆ ಅಜ್ಜಿ: ಪಾಪ ಮಗು. ಆದರೆ ಬೇವಿನ ಸೊಪ್ಪು, ಲೋಬಾನದ ಹೊಗೆಗೆ ವೈರಸ್ ಸಾಯುತ್ತೆ ಅಂತಾರಲ್ಲಮ್ಮಾ?

2ನೇ ಕ್ರಾಸ್, ಮಕ್ಕಳ ಡಾಕ್ಟರ್: ಇಲ್ಲ ಅಮ್ಮಾ, ಯಾವ ಹೊಗೆಗೂ ಕೊರೊನಾ ಹೋಗುವುದಿಲ್ಲ. ಇಂಥ ಮಕ್ಕಳ ಉಸಿರುನಾಳ ಮಾತ್ರ ಬಿಗಿಯುತ್ತದೆ. ಬ್ಲೀಚಿಂಗ್ ಪೌಡರ್ ಘಾಟೂ ಹಾಗೇ. ಬೀದಿಗೆ ಔಷಧಿ ಸಿಂಪಡಿಸುವುದು ಬೇಡ ಅಂತ ವಿಶ್ವ ಆರೋಗ್ಯ ಸಂಸ್ಥೆ ಮೇ ತಿಂಗಳಲ್ಲೇ ಹೇಳಿದೆ. ನಮ್ಮ ಬೀದಿಯಲ್ಲೂ ನಿಲ್ಲಿಸೋಣ.

ನನಗೆ ಜಾಸ್ತಿ ಚಿಂತೆ ಇರುವುದು ಬೇರೆ ವಿಷಯಕ್ಕೆ. ಇನ್ಹೇಲರ್‌ನಲ್ಲಿ ಸ್ಟೀರಾಯ್ಡ್ ಇದೆ, ಕೊರೊನಾ ಮುಗಿಯುವವರೆಗೆ ನಿಲ್ಲಿಸಿ ಅಂತ ಮೆಸೇಜ್ ಓಡಾಡುತ್ತಿದೆ. ದಯವಿಟ್ಟು ನಿಲ್ಲಿಸಬೇಡಿ. ಡಾಕ್ಟರ್ ದಿನಾ ತಗೊಳ್ಳಲು ಹೇಳಿದ ಇನ್ಹೇಲರೇ ಮಗುವನ್ನು ಆಸ್ಪತ್ರೆ ಸೇರದಂತೆ ಕಾಯುವುದು. ಅದರ ಡೋಸ್ ಸಣ್ಣದು, ನೇರ ಶ್ವಾಸಕೋಶಕ್ಕೆ ಹೋಗುತ್ತದೆ. ಉಬ್ಬಸ ಬಂದಾಗ ಕೊಡುವ ಸಾಲ್ಬುಟಮಾಲ್ ಬೇರೆ. ಅದು ಆ ಹೊತ್ತಿಗೆ ಆರಾಮ ಕೊಡುತ್ತದೆ, ಒಳಗಿನ ಊತ ಇಳಿಸುವುದಿಲ್ಲ. ಎರಡನ್ನೂ ಸ್ಪೇಸರ್ (ಇನ್ಹೇಲರ್ ಬಾಯಿಗೆ ಜೋಡಿಸುವ ಕೊಳವೆ) ಹಾಕಿ ಕೊಡಿ. ಸ್ಟೀರಾಯ್ಡ್ ಇನ್ಹೇಲರ್ ಆದ ಮೇಲೆ ಬಾಯಿ ಮುಕ್ಕಳಿಸಲಿ.

4ನೇ ಕ್ರಾಸ್, ಮಹಡಿ ಮನೆ: ಅಕ್ಕಾ, ನಮ್ಮನೇಲಿ ನೆಬ್ಯುಲೈಜರ್ ಇದೆ, ಔಷಧಿಯನ್ನು ಮಂಜಿನ ಥರ ಮಾಡಿ ಕೊಡುವ ಮಷೀನು. ರಾತ್ರಿ ಎಷ್ಟೊತ್ತಿಗಾದರೂ ಬನ್ನಿ.

ಡಾಕ್ಟರ್: ಒಳ್ಳೆ ಮನಸ್ಸು ನಿಮ್ಮದು. ಆದರೆ ಈಗ ಅದನ್ನು ಹಂಚಿಕೊಳ್ಳುವುದು ಬೇಡ. ಸೋಂಕಿದ್ದರೆ ನೆಬ್ಯುಲೈಜರ್‌ನಿಂದ ಕೋಣೆ ತುಂಬಾ ಹರಡಬಹುದು. ಸ್ಪೇಸರ್ ಜೊತೆ ಇನ್ಹೇಲರ್ ಅಷ್ಟೇ ಚೆನ್ನಾಗಿ ಕೆಲಸ ಮಾಡುತ್ತದೆ. ನಿಮ್ಮ ಕಾರು ಕೊಟ್ಟರೆ ದೊಡ್ಡ ಸಹಾಯ.

ಎಲ್ಲರೂ ಗಮನಿಸಿ: ಉಸಿರೆಳೆದಾಗ ಪಕ್ಕೆ ಒಳಕ್ಕೆ ಹೋಗುತ್ತಿದ್ದರೆ, ಒಂದು ಮಾತು ಪೂರ್ತಿ ಆಡಲು ಉಸಿರು ಸಾಲದಿದ್ದರೆ, ತುಟಿ ನೀಲಿಯಾದರೆ, ಕೊರೊನಾಗೆ ಹೆದರಿ ಮನೆಯಲ್ಲಿ ಕಾಯಬೇಡಿ. 108ಕ್ಕೆ ಫೋನ್ ಮಾಡಿ.

ಮಹಡಿ ಮನೆ: ಕಾರಿಗೆ ಯಾವಾಗ ಬೇಕಾದರೂ ಕರೆಯಿರಿ ಅಕ್ಕಾ.

ಮೇಷ್ಟ್ರು: ಬೆಂಕಿ ವಿಷಯಕ್ಕೆ ಬರೋಣ. 2016ರ ಘನತ್ಯಾಜ್ಯ ನಿಯಮದಂತೆ ಬಯಲಲ್ಲಿ ಕಸ ಸುಡುವ ಹಾಗಿಲ್ಲ. ಅದೇ ವರ್ಷ ಡಿಸೆಂಬರ್‌ನಲ್ಲಿ ಹಸಿರು ನ್ಯಾಯಮಂಡಳಿ 5,000 ರೂಪಾಯಿ ದಂಡ ಹೇಳಿದೆ, ರಾಶಿಗಟ್ಟಲೆ ಸುಟ್ಟರೆ 25,000. ಗಾಳಿ ಸುಧಾರಿಸಬೇಕಾದ ಊರುಗಳು ಅಂತ ಕೇಂದ್ರ ಮಾಡಿದ ಪಟ್ಟಿಯಲ್ಲಿ ಬೆಂಗಳೂರು, ಹುಬ್ಬಳ್ಳಿ-ಧಾರವಾಡ, ಕಲಬುರಗಿ ಜೊತೆ ನಮ್ಮ ದಾವಣಗೆರೆಯೂ ಇದೆ. ಪಾಲಿಕೆಗೆ ಅರ್ಜಿ ನಾನು ಬರೆಯುತ್ತೇನೆ. ಆದರೆ ಬೆಂಕಿ ಹಾಕುವವರು ನಮ್ಮ ಬಡಾವಣೆಯವರೇ ಅಲ್ವಾ? ದಂಡದ ಮಾತಿಗೆ ಮುಂಚೆ ಮನೆಗೆ ಹೋಗಿ ಕೇಳಿಕೊಳ್ಳೋಣ.

1ನೇ ಕ್ರಾಸ್: ಮೇಷ್ಟ್ರೇ, ನಾವೂ ಸುಮ್ನೆ ಸುಡುವುದಿಲ್ಲ. ಕಸದ ಗಾಡಿ ಬರುವಾಗ ನಾವು ಕೆಲಸಕ್ಕೆ ಹೋಗಿರುತ್ತೇವೆ. ಎಲೆ ಹಾಗೇ ಬಿಟ್ಟರೆ ಹಾವು ಬರುತ್ತವೆ.

ನೀಲಿ ಗೇಟಿನ ಮನೆ: ಅಣ್ಣಾ, ಹಾವಿನ ಭಯ ನಮಗೂ ಇದೆ. ನಿಮ್ಮ ಕಸ ನಮ್ಮ ಗೇಟಿನ ಹತ್ತಿರ ಇಟ್ಟು ಹೋಗಿ, ಗಾಡಿಗೆ ನಾನು ಹಾಕುತ್ತೇನೆ. ಎಲೆಗೆ ಪಾರ್ಕಿನ ಮೂಲೆಯಲ್ಲಿ ಗೊಬ್ಬರದ ಗುಂಡಿ ತೆಗೆಯೋಣ.

1ನೇ ಕ್ರಾಸ್: ಹಾಗಾದರೆ ಸರಿ ಅಕ್ಕಾ. ಇವತ್ತಿನಿಂದ ಬೆಂಕಿ ಹಾಕುವುದಿಲ್ಲ. ಗುಂಡಿ ತೆಗೆಯಲು ನಾನೂ ಬರುತ್ತೇನೆ.

ಅಡ್ಮಿನ್: ಭಾನುವಾರ ಬೆಳಿಗ್ಗೆ 7ಕ್ಕೆ. ಗುದ್ದಲಿ, ಸಲಿಕೆ, ಕುಡುಗೋಲು ಇದ್ದವರು ತನ್ನಿ. ಮಾಸ್ಕ್ ಹಾಕಿ, ದೂರ ದೂರ ನಿಲ್ಲೋಣ. ಖಾಲಿ ಸೈಟಿನ ಗಿಡಗಂಟಿಯನ್ನೂ ಕಡಿಯೋಣ, ಮಾಲೀಕರನ್ನು ಕೇಳಿದ್ದೇನೆ, ಒಪ್ಪಿದ್ದಾರೆ. ಧೂಳು ಏಳುತ್ತದೆ, ಅಸ್ತಮಾ ಇರುವ ಮಕ್ಕಳನ್ನು ಕರೆತರಬೇಡಿ.