ಬಿಎಂಸಿನಾ, ಜಿಪ್ಮರಾ? ಓದಿದೋರು ಯಾರಾದ್ರೂ ಇದ್ರೆ ಅನುಭವ ಹೇಳಿ

ಶಿರಸಿಯಿಂದ ಕೇಳ್ತಿರೋದು. ಈ ಸಲ ನೀಟ್‌ನಲ್ಲಿ ರ‍್ಯಾಂಕ್ ಚೊಲೋ ಬಂದಿದೆ, ಕೆಇಎ, ಅಂದ್ರೆ ರಾಜ್ಯದ ಕೌನ್ಸೆಲಿಂಗ್ ಕಡೆ ಹೋದ್ರೆ ಬೆಂಗಳೂರು ಮೆಡಿಕಲ್ ಕಾಲೇಜು (ಬಿಎಂಸಿ) ಸಿಗೋ ಹಾಗಿದೆ, ಎಂಸಿಸಿ, ಅಂದ್ರೆ ದೇಶದ ಮಟ್ಟದ ಕೌನ್ಸೆಲಿಂಗ್ ಕಡೆ ಹೋದ್ರೆ ಕೇಂದ್ರ ಸರ್ಕಾರದ ಪುದುಚೇರಿ ಜಿಪ್ಮರ್. ಅಪ್ಪಂಗೆ ಬೆಂಗಳೂರೇ ಆಗ್ಲಿ ಅಂತ, ಕೋಚಿಂಗ್ ಸರ್ ನೋಡಿದ್ರೆ ಜಿಪ್ಮರ್ ಕೈಬಿಟ್ರೆ ಮತ್ತೆ ಸಿಗಲ್ಲ ಅಂತಾರೆ. ನಂಗೆ ತಮಿಳು ಒಂದಕ್ಷರ ಬರಲ್ಲ. ಎರಡು ಕಡೆ ಓದಿದ ಅಕ್ಕ ಅಣ್ಣಂದಿರು ಇದ್ರೆ ಹೇಳಿ ಪ್ಲೀಸ್.

ಕುಮಟಾದಿಂದ:

ತಂಗಿ, ನಾನು ಬಿಎಂಸಿಲಿ ಓದಿದವಳು, ಈಗ ನಮ್ಮ ಜಿಲ್ಲೆಯ ಒಂದು ತಾಲೂಕು ಆಸ್ಪತ್ರೇಲಿ ಇದ್ದೇನೆ. ದುಡ್ಡಿನ ಲೆಕ್ಕ ಮೊದಲು ಪಕ್ಕಕ್ಕಿಡು. ಜಿಪ್ಮರ್ ಫೀಸ್ ವರ್ಷಕ್ಕೆ ಕೆಲವೇ ಸಾವಿರ, ಬಿಎಂಸಿ ಸರ್ಕಾರಿ ಸೀಟೂ ಲಕ್ಷದ ಒಳಗೇ, ಮನೆಲಿ ಅಡಿಕೆ ರೇಟ್ ನೋಡ್ಕಂಡು ಕಾಲೇಜು ಆರಿಸೋ ಪರಿಸ್ಥಿತಿ ನಿಂಗಿಲ್ಲ, ಅದೇ ದೊಡ್ಡ ಪುಣ್ಯ.

ನಾನು ಹೇಳೋದು ಭಾಷೆ ಬಗ್ಗೆ. ಎಲ್ಲರೂ ಅದನ್ನ ಸಣ್ಣ ವಿಷಯ ಅಂತಾರೆ, ನಂಗೆ ಹಾಗೆ ಅನ್ಸಲ್ಲ. ಈಗಿನ ಸಿಲಬಸ್‌ನಲ್ಲಿ ಮೊದಲ ವರ್ಷದಿಂದಲೇ ಹಳ್ಳಿಲಿ ಕೆಲವು ಮನೆಗಳನ್ನ ನಿಮಗೆ ವಹಿಸಿಕೊಡ್ತಾರೆ, ಪದೇಪದೇ ಹೋಗಿ ಆ ಮನೆಯವರ ಬಿಪಿ ಶುಗರ್ ಎಲ್ಲ ನೋಡ್ತಾ ಇರಬೇಕು. ಎರಡನೇ ವರ್ಷದಿಂದ ವಾರ್ಡ್ ಪೋಸ್ಟಿಂಗ್, ಅಲ್ಲಿ ಮುಖ್ಯ ಕೆಲಸ ಅಂದ್ರೆ ಹಿಸ್ಟರಿ ತಗೊಳ್ಳೋದು, ಅಂದ್ರೆ ಪೇಷಂಟ್ ಹತ್ರ ಕೂತು ಏನಾಯ್ತು, ಯಾವಾಗಿಂದ, ಅದಕ್ಕೂ ಮುಂಚೆ ಏನಾಗಿತ್ತು ಅಂತ ಕೇಳೋದು. ಅರ್ಧ ಡಯಾಗ್ನೋಸಿಸ್ ಅಲ್ಲೇ ಆಗೋಗತ್ತೆ. ಒಂದು ಸಲ ಸಿದ್ದಾಪುರದ ಕಡೆಯ ಅಮ್ಮ ಒಬ್ರು ಬಂದಿದ್ರು, ನಾಲ್ಕು ದಿನದಿಂದ ಜ್ವರ, ವಿಪರೀತ ತಲೆನೋವು, ಕಣ್ಣು ಕೆಂಪು, ಹೋಗೋ ಮುಂಚೆ ಬಾಗಿಲ ಹತ್ರ ನಿಂತು ಹೇಳಿದ್ರು, ದರಕು ಗುಡಿಸೋಕೆ ಬೆಟ್ಟಕ್ಕೆ ಹೋದಾಗ ಉಣುಗು ಹತ್ತಿತ್ತು ಅಂತ. ದರಕು ಅಂದ್ರೆ ಕಾಡಿನ ಒಣ ಎಲೆ, ಉಣುಗು ಅಂದ್ರೆ ಮಂಗನ ಕಾಯಿಲೆ ಹರಡೋ, ರಕ್ತ ಹೀರೋ ಹುಳ, ಇದು ಗೊತ್ತಿಲ್ದೋರು ಅದನ್ನ ಕೇಳಿಸ್ಕೊಂಡು ಸುಮ್ನಿರ್ತಿದ್ರೇನೋ, ನಾನು ವಾಪಸ್ ಕೂರಿಸಿ ಮಂಗನ ಕಾಯಿಲೆಗೆ ರಕ್ತ ಕಳಿಸಿ ಅಡ್ಮಿಟ್ ಮಾಡ್ಕೊಂಡೆ, ಪಾಸಿಟಿವ್ ಬಂತು. ಈಗ ಆರಾಮಿದಾರೆ. ಆ ಕಾಯಿಲೆಗೆ ಇದೇ ಅಂತ ಗುಣ ಮಾಡೋ ಔಷಧಿ ಇಲ್ಲ, ರಕ್ತಸ್ರಾವ ಆಗದ ಹಾಗೆ ಕಾಯ್ತಾ ನೋಡ್ಕೊಳ್ಳೋದೇ ಟ್ರೀಟ್‌ಮೆಂಟ್, ಹಾಗಾಗಿ ಬೇಗ ಗೊತ್ತಾಗೋದು ಬಹಳ ಮುಖ್ಯ.

ಬೆಂಗಳೂರಲ್ಲಿ ಬರೀ ಕನ್ನಡನೇ ಇರತ್ತೆ ಅಂತಲ್ಲ, ಬಿಎಂಸಿಯ ವಿಕ್ಟೋರಿಯಾ ಆಸ್ಪತ್ರೆ ಇರೋದು ಕೆ.ಆರ್. ಮಾರ್ಕೆಟ್ ಪಕ್ಕ, ತಮಿಳು ತೆಲುಗು ದಖನಿ ಎಲ್ಲ ಕೇಳ್ತೀಯ. ಆದ್ರೆ ನಾಡಿನ ಮೂಲೆಮೂಲೆಯಿಂದ ಜನ ಅಲ್ಲಿಗೆ ಬರ್ತಾರಲ್ಲ, ರಾಯಚೂರಿನವರ ಕನ್ನಡ, ಚಾಮರಾಜನಗರದವರ ಕನ್ನಡ, ಅಷ್ಟು ಬಗೆಯ ಕನ್ನಡದಲ್ಲಿ ಜನ ನೋವು ಹೇಳೋದು ನಂಗೆ ಇನ್ನೆಲ್ಲೂ ಸಿಕ್ತಿರಲಿಲ್ಲ. ಅಲ್ಲೇ ಇರೋ ವಾಣಿವಿಲಾಸ ಆಸ್ಪತ್ರೆಯ ಲೇಬರ್ ವಾರ್ಡಲ್ಲಿ ಇಂಟರ್ನ್ ಆಗಿದ್ದಾಗಿನ ರಾತ್ರಿಗಳೇ ಇವತ್ತು ನಂಗೆ ಧೈರ್ಯ. ಕಣ್ಣಿಗೆ ಮಿಂಟೋ, ಅದೂ ಅಲ್ಲೇ.

ಪಿಜಿ, ಅಂದ್ರೆ ಎಂಬಿಬಿಎಸ್ ಆದ್ಮೇಲೆ ಓದೋ ಎಂಡಿ ಎಂಎಸ್ ವಿಷಯನೂ ಹೇಳಿಬಿಡ್ತೇನೆ. ಊರು ಇದೇ ರಾಜ್ಯ ಅನ್ನೋ ಕಾರಣಕ್ಕೆ ಪಿಜಿ ಸೀಟಲ್ಲಿ ಮೀಸಲಾತಿ ಕೊಡೋ ಹಾಗಿಲ್ಲ ಅಂತ 2025ರ ಜನವರಿಲಿ ಸುಪ್ರೀಂ ಕೋರ್ಟ್ ಹೇಳಿತು, ಆದ್ರೆ ಎಂಬಿಬಿಎಸ್ ಎಲ್ಲಿ ಓದಿದ್ದು ಅನ್ನೋದರ ಮೇಲೆ ಒಂದು ಮಿತಿ ಒಳಗೆ ಆದ್ಯತೆ ಕೊಡಬಹುದು ಅಂತನೂ ಹೇಳಿದೆ. ಮುಂದೆ ಕರ್ನಾಟಕದಲ್ಲೇ ಪಿಜಿ ಮಾಡೋ ಯೋಚನೆ ಇದ್ರೆ ಇದನ್ನ ಲೆಕ್ಕಕ್ಕೆ ತಗೋ.

ಊರ ಕಡೆ ವಾಪಸ್ ಬರೋ ಮನಸ್ಸಿದೆಯಾ ಇಲ್ವಾ ಅನ್ನೋದನ್ನ ಮೊದಲು ನೀನೇ ನಿನಗೆ ಕೇಳ್ಕೊ. 2022ರ ಜುಲೈಲಿ ಹೊನ್ನಾವರದಿಂದ ಹೊರಟ ಆಂಬುಲೆನ್ಸ್ ಶಿರೂರು ಟೋಲಲ್ಲಿ ಪಲ್ಟಿಯಾಗಿ ನಾಲ್ಕು ಜನ ಹೋದ್ರು, ನೆನಪಿರಬಹುದು. ನಮ್ಮ ಜನ ಇವತ್ತಿಗೂ ದೊಡ್ಡ ಕಾಯಿಲೆ ಅಂದ್ರೆ ಮಣಿಪಾಲ, ಮಂಗಳೂರು, ಹುಬ್ಬಳ್ಳಿ, ಗೋವಾ ಅಂತ ಓಡ್ತಾರೆ. ಇಲ್ಲಿಗೆ ಬರೋರು ಬೇಕು ತಂಗಿ, ರಾಶಿ ಬೇಕು.

ಯಲ್ಲಾಪುರದಿಂದ:

ಹೋದ ವರ್ಷ ಮಗನ ಜೊತೆ ಓಡಾಡಿದ ಅಪ್ಪ ನಾನು. ಕಾಲೇಜಿನ ಬಗ್ಗೆ ನಾನು ಹೇಳಲ್ಲ, ಅದು ಡಾಕ್ಟರಮ್ಮ ಹೇಳಿದ್ದಾರೆ. ಎರಡು ಮಾತು ಮಾತ್ರ. ಎಂಸಿಸಿ ಮೊದಲ ರೌಂಡಲ್ಲಿ ಸೀಟು ಬಂದು ಬೇಡ ಅಂದ್ರೆ ಏನೂ ಹೋಗಲ್ಲ, ಎರಡನೇ ರೌಂಡಲ್ಲಿ ಬಿಟ್ರೆ ಡೆಪಾಸಿಟ್ ಹೋಗತ್ತೆ, ಮೂರನೇ ರೌಂಡಲ್ಲಿ ಸೇರಿದ್ಮೇಲೆ ಬೇರೆ ಕಡೆ ಹೋಗೋ ಹಾಗೇ ಇಲ್ಲ. ಕೆಇಎಯಲ್ಲೂ ಚಾಯ್ಸ್ ಒಂದು, ಎರಡು ಅಂತ ಇರತ್ತೆ, ಒತ್ತೋ ಮುಂಚೆ ಆ ವರ್ಷದ ರೂಲ್ಸ್ ಮತ್ತೊಮ್ಮೆ ಓದಿ. ಇನ್ನೊಂದು, ಜಿಪ್ಮರ್ ಅಂತ ಲಿಸ್ಟಲ್ಲಿ ಎರಡು ಬರತ್ತೆ, ಪುದುಚೇರಿ ಬೇರೆ ಕಾರೈಕಲ್ ಬೇರೆ, ಆತುರದಲ್ಲಿ ಮೇಲೆ ಕೆಳಗೆ ಮಾಡ್ಕೋಬೇಡಿ.

ಕಾರವಾರದಿಂದ:

ನಾನು ಜಿಪ್ಮರ್. ಕುಮಟಾ ಅಕ್ಕ ಹೇಳಿದ್ದರಲ್ಲಿ ತಪ್ಪಿಲ್ಲ, ಆದ್ರೆ ಭಾಷೆಗೆ ಹೆದರಿ ಬಿಡೋದು ಬೇಡ ಅನ್ನೋಕೆ ಬರೀತಿದೀನಿ. ನಮ್ಮನೇಲಿ ಕೊಂಕಣಿ, ಶಾಲೇಲಿ ಕನ್ನಡ, ತಮಿಳು ಸೊನ್ನೆ. ಶುರುವಿನ ಫೌಂಡೇಶನ್ ಕೋರ್ಸಲ್ಲೇ ಅಲ್ಲಿನ ಭಾಷೆ ಒಂಚೂರು ಹೇಳಿಕೊಡ್ತಾರೆ, ಉಳಿದಿದ್ದೆಲ್ಲ ನಂಗೆ ಕಲಿಸಿದ್ದು ವಿಲ್ಲುಪುರಂ ಕಡಲೂರಿಂದ ಬರೋ ಅಜ್ಜಿಯಂದಿರು. ವಲಿಕ್ಕುದಾ ಅಂತ ಒಂದು ಪದ ಹಿಡ್ಕೊಂಡು ಶುರು ಮಾಡಿದೆ, ನೋಯ್ತಾ ಇದೆಯಾ ಅಂತ, ಒಂದು ವರ್ಷಕ್ಕೆ ಪೂರ್ತಿ ಹಿಸ್ಟರಿ ತಗೊಳ್ತಿದ್ದೆ. ಭಾಷೆ ಬರಲ್ಲ ಅಂತ ಮುಖ ನೋಡೋದು, ಕೈ ಎಲ್ಲಿಟ್ಟು ತೋರಿಸ್ತಾರೆ ಅಂತ ನೋಡೋದು ಅಭ್ಯಾಸ ಆಯ್ತು, ಅದು ಇನ್ನೂ ಹೋಗಿಲ್ಲ. ಈಗ ಇಲ್ಲಿ ದೋಣಿ ಕೆಲಸಕ್ಕೆ ಬಂದ ತಮಿಳಿನವರು ಬಂದ್ರೆ ನನ್ನನ್ನೇ ಕರೀತಾರೆ.

ಜಿಪ್ಮರ್‌ನ ದೊಡ್ಡ ಗುಣ ಅಂದ್ರೆ ಒಂದೇ ಕ್ಯಾಂಪಸ್‌ನಲ್ಲಿ ಸ್ಪೆಷಾಲಿಟಿ ಸೂಪರ್ ಸ್ಪೆಷಾಲಿಟಿ ಎಲ್ಲ ಇರತ್ತೆ, ಸಂಶೋಧನೆ ಮಾಡೋರ ಜೊತೆನೇ ಊಟಕ್ಕೆ ಕೂರ್ತೀಯ. ನಿಂಗೆ ಆ ಕಡೆ ಆಸಕ್ತಿ ಒಂಚೂರು ಇದ್ರೂ ಬಿಡಬೇಡ. ದೂರ ಅಂತೂ ಹೌದು. ಹುಬ್ಬಳ್ಳಿಗೆ ಹೋದ್ರೆ ದಾದರ್ ಪುದುಚೇರಿ ಚಾಲುಕ್ಯ ಎಕ್ಸ್‌ಪ್ರೆಸ್ ಸೀದಾ ಇದೆ, ವಾರದಲ್ಲಿ ಮೂರೇ ದಿನ, ಹಬ್ಬಕ್ಕೆ ಮುಂಚೆನೇ ಟಿಕೆಟ್ ಮಾಡಿಸ್ಬೇಕು. ಮೊದಲ ವರ್ಷ ಮನೆ ನೆನಪಾಗಿ ಅತ್ತಿದ್ದೇನೆ, ಅದನ್ನ ಮುಚ್ಚಿಡಲ್ಲ.

ಕುಮಟಾದಿಂದ:

ಕಾರವಾರದವರು ಹೇಳಿದ್ದು ನಿಜ, ಕಲಿಯೋ ಮನಸ್ಸಿದ್ದೋರಿಗೆ ಭಾಷೆ ಬರತ್ತೆ, ಅದು ನಾನು ಬಿಟ್ಟಿದ್ದೆ. ಆದ್ರೂ ನಿನ್ನ ಮಾತಲ್ಲಿ ಸಂಶೋಧನೆ ಬಗ್ಗೆ ಏನೂ ಕಾಣ್ಲಿಲ್ಲ ತಂಗಿ, ಹಾಗಾಗಿ ನನ್ನ ಓಟು ಇನ್ನೂ ಬಿಎಂಸಿಗೇ. ಆಪ್ಷನ್ ಹಾಕೋ ಮುಂಚೆ ಸಾಧ್ಯ ಆದ್ರೆ ಒಂದು ಬೆಳಿಗ್ಗೆ ಎಂಟಕ್ಕೆ ವಿಕ್ಟೋರಿಯಾ ಒಪಿಡಿ ಹೊರಗೆ ಸುಮ್ನೆ ನಿಂತು ನೋಡು, ಇಂಟರ್ನ್‌ಗಳು ಚಾ ಕುಡಿಯೋಕೆ ಬರ್ತಾರೆ, ಅವರನ್ನ ನಿಮ್ಮ ಕೈಯಾರೆ ಎಷ್ಟು ಹೆರಿಗೆ ಮಾಡಿಸಿದೀರಿ ಅಂತ ಕೇಳು. ಅದೇ ಪ್ರಶ್ನೆ ಜಿಪ್ಮರ್‌ನ ಸೀನಿಯರ್‌ಗೂ ಫೋನಲ್ಲಿ ಕೇಳು.

ಶಿರಸಿಯಿಂದ:

ಎಲ್ಲರಿಗೂ ಥ್ಯಾಂಕ್ಸ್. ಅಪ್ಪನೂ ಪಕ್ಕ ಕೂತು ಓದಿದ್ರು, ಉಣುಗಿನ ಕಥೆ ಅಮ್ಮಂಗೂ ಓದಿ ಹೇಳಿದ್ರು. ಶುಕ್ರವಾರ ರಾತ್ರಿ ಬಸ್ಸಿಗೆ ಬೆಂಗಳೂರಿಗೆ ಹೊರಟಿದ್ದೇವೆ. ಕಾರವಾರದ ಅಕ್ಕ, ಜಿಪ್ಮರ್‌ನಲ್ಲಿ ಈಗ ಓದ್ತಿರೋ ಯಾರಾದ್ರೂ ಗೊತ್ತಿದ್ರೆ ಹೇಳ್ತೀರಾ, ಶನಿವಾರ ಸಂಜೆ ಅವರಿಗೂ ಇದೇ ಕೇಳ್ತೇನೆ.